ಮೆಥೋಪ್ರೀನ್ ಹೊಡೆದರೂ ಕಣಜದಲ್ಲಿ ಪತಂಗ ಹಾರ್ತಾ ಇವೆ, ಏನು ಮಾಡಲಿ?

ಪ್ರಶ್ನೆ: ಜೋಳದ ಮೇಲ್ಪದರ ಬಲೆ ಕಟ್ಟಿ ಚಾಪೆ ಥರ ಆಗಿದೆ. ಮೆಥೋಪ್ರೀನ್ ಅನ್ನೋ ಕೀಟದ ಔಷಧಿ ಸಿಂಪಡಿಸಿ ವಾರ ಕಳೆದರೂ ಹಾರಾಟ ಕಮ್ಮಿಯಾಗಿಲ್ಲ. ಔಷಧಿ ನಕಲಿ ಇರಬಹುದಾ? ಇನ್ನೊಂದು ಸಲ ಹೊಡೆಯಲಾ? ಬಳಸಿದವರು ಹೇಳಿ.

ಉತ್ತರ: ಈಗಲೇ ಮತ್ತೆ ಹೊಡೆಯಬೇಡಿ. ಇದು ಕಂಡ ಹುಳುವನ್ನು ಕೊಲ್ಲೋ ವಿಷ ಅಲ್ಲ. ಮರಿಹುಳುವಿನ ಮೈಯಲ್ಲಿ ಬಾಲ್ಯದ ಹಾರ್ಮೋನ್ ಇಳಿದಾಗ ಮಾತ್ರ ಅದು ಕೋಶ ಕಟ್ಟಿ ಪತಂಗ ಆಗೋದು. ಮೆಥೋಪ್ರೀನ್ ಆ ಹಾರ್ಮೋನಿನಂತೆಯೇ ಕೆಲಸ ಮಾಡಿ ಆ ಬದಲಾವಣೆಯನ್ನು ಕೆಡಿಸುತ್ತೆ. ಹುಳು ಹುಳುವಾಗೇ ಉಳಿಯುತ್ತೆ, ಇಲ್ಲಾ ಕೋಶದಲ್ಲೇ ಸಾಯುತ್ತೆ. ಆಗಲೇ ರೆಕ್ಕೆ ಬಂದವು ಇದರಿಂದ ಸಾಯಲ್ಲ. ಬೆಚ್ಚಗಿನ ಜಾಗದಲ್ಲಿ ಒಂದು ತಲೆಮಾರಿಗೆ ಸುಮಾರು 4ರಿಂದ 6 ವಾರ ಬೇಕು, ವಾರಕ್ಕೇ ಲೆಕ್ಕ ಹಾಕಿದರೆ ಹೇಗೆ? ನಮ್ಮಲ್ಲೂ ಮೊದಲು ಹಾರಾಟ ಹಾಗೇ ಇತ್ತು, ನಿಧಾನಕ್ಕೆ ಇಳೀತು. ಆದರೆ ಸಾಯದೆ ಉಳಿದ ಹುಳು ತಿನ್ನೋದು ಬಿಡಲ್ಲ, ಕೆಲವು ಮಾಮೂಲಿಗಿಂತ ದಪ್ಪನೂ ಆಗ್ತವೆ. ಹಾಗಾಗಿ ಇದನ್ನ ಕಾಳು ತುಂಬುವಾಗಲೇ ಬಳಸಿದವರಿಗೆ ಲಾಭ, ಕಾಳಿನ ಮೇಲೆ ಬಲೆ ಕಟ್ಟಿದ ಮೇಲೆ ಅರ್ಧ ಲಾಭ.

ಇನ್ನೊಬ್ಬರು: ಯಾವ ಪತಂಗ ಅಂತ ಮೊದಲು ನೋಡಿ. ಮುಂದಿನ ರೆಕ್ಕೆಯ ಬುಡ ಬಿಳಿಚು, ತುದಿಯ ಅರ್ಧ ತಾಮ್ರದ ಬಣ್ಣ ಇದ್ದರೆ ಅದರ ಹುಳು ಕಾಳಿನ ಹೊರಗೇ ಓಡಾಡುತ್ತೆ, ಔಷಧಿ ತಾಕುತ್ತೆ. ಪತಂಗ ಪೂರ್ತಿ ಹುಲ್ಲಿನ ಬಣ್ಣ, ಕಾಳಲ್ಲಿ ದುಂಡನೆ ತೂತು ಇದ್ದರೆ ಹುಳು ಕಾಳಿನ ಒಳಗೇ ಬೆಳೆದಿದೆ. ಅಲ್ಲಿಗೆ ಇದು ಸರಿಯಾಗಿ ತಲುಪಲ್ಲ. ಸೊಂಡಿಲು ಹುಳುವಿನ ಕಥೆಯೂ ಅದೇ.

ಪ್ರಶ್ನೆ ಕೇಳಿದವರು: ತಾಮ್ರದ ಬಣ್ಣದ್ದೇ. ಬಲೆ ಮೇಲೆ ಮಾತ್ರ ಇದೆ, ಕೈ ಹಾಕಿ ನೋಡಿದರೆ ಕೆಳಗಿನ ಕಾಳು ಚೆನ್ನಾಗಿದೆ.

ಮತ್ತೊಬ್ಬರು: ಹಾಗಿದ್ದರೆ ಬಚಾವ್! ಬಲೆ ಕಟ್ಟಿದ ಪದರವನ್ನ ಕೆರೆದು ತೆಗೆದು ದೂರ ಹಾಕಿ. ಅದು ಇದ್ದರೆ ಸಿಂಪಡಿಸಿದ್ದೆಲ್ಲ ಬಲೆ ಮೇಲೇ ನಿಲ್ಲುತ್ತೆ. ಬಲಿತ ಹುಳು ಕೋಶ ಕಟ್ಟೋಕೆ ಗೋಡೆ, ಸೂರು, ಬಾಗಿಲ ಸಂದಿಗೆ ಹೋಗುತ್ತೆ, ಅಲ್ಲೂ ಗುಡಿಸಿ. ಫೆರಮೋನ್ ಬಲೆಗೆ (ಹೆಣ್ಣು ಪತಂಗದ ವಾಸನೆ ಇಟ್ಟು ಹಿಡಿಯೋ ಬಲೆ) ಗಂಡು ಮಾತ್ರ ಬೀಳೋದು. ಹತೋಟಿಗೆ ಅದನ್ನ ನಂಬಬೇಡಿ, ವಾರವಾರ ಎಣಿಸಿ ಏರಿತಾ ಇಳೀತಾ ನೋಡೋಕೆ ಇಟ್ಟುಕೊಳ್ಳಿ.

ಡಬ್ಬದ ಚೀಟಿಯನ್ನೂ ಒಮ್ಮೆ ಓದಿ. ಸೊಳ್ಳೆಗೆ, ಚಿಗಟಕ್ಕೆ ಅಂತ ಮಾರೋ ಮೆಥೋಪ್ರೀನೂ ಇದೆ. ಚೀಟಿಯಲ್ಲಿ ಆಹಾರ ಧಾನ್ಯ ಅಂತ ಇಲ್ಲದಿದ್ದರೆ ಕಾಳಿಗೆ ಮುಟ್ಟಿಸಬೇಡಿ. ಇಷ್ಟಾದರೂ ಇಳಿಯದಿದ್ದರೆ ಉಳಿಯೋದು ಫಾಸ್ಫೀನ್ ಅನ್ನೋ ವಿಷಾನಿಲದ ಹೊಗೆ, ಅದನ್ನ ತರಬೇತಿ ಆದವರೇ ಹಾಕಬೇಕು.