13 ಸಾವಿರದ ಗಿಟಾರಿಗೆ ಯಾವ ಪಿಕಪ್ ಹಾಕಿಸಲಿ?

ಪ್ರಶ್ನೆ (ಶಿವಮೊಗ್ಗದ ಸದಸ್ಯರು):
ಸರ್, ನಮಸ್ಕಾರ. ನನ್ನ ಹತ್ರ ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಗಿಟಾರ್ ಇದೆ. ತಂತಿಯ ಕಂಪನವನ್ನು ಸಿಗ್ನಲ್ ಮಾಡೋ ಪಿಕಪ್ ಮೂರಿವೆ, ಮೂರೂ ಸಿಂಗಲ್ ಕಾಯಿಲ್, ಅಂದ್ರೆ ಒಂದೇ ಸುರುಳಿಯವು. ಮೂರು ವರ್ಷದ ಹಿಂದೆ 13 ಸಾವಿರಕ್ಕೆ ತಗೊಂಡಿದ್ದು. ನೆಕ್ ಕೈಗೆ ಒಗ್ಗಿಹೋಗಿದೆ, ಮಾರೋ ಮನಸ್ಸಿಲ್ಲ. ನಮ್ಮೂರಿನ ಆರ್ಕೆಸ್ಟ್ರಾದಲ್ಲಿ ಗಣಪತಿ ಹಬ್ಬಕ್ಕೆ, ರಿಸೆಪ್ಷನ್‌ಗಳಿಗೆ ನುಡಿಸ್ತೀನಿ. ತೊಂದರೆ ಎರಡು. ಬ್ರಿಡ್ಜ್ ಪಿಕಪ್, ಅಂದ್ರೆ ಬಾಡಿ ಮೇಲೆ ತಂತಿ ಕಟ್ಟಿರೋ ತುದಿಯ ಪಕ್ಕದ್ದು, ಅದರ ಸದ್ದು ತಗಡು ಬಡಿದ ಹಾಗಿದೆ. ಡಿಸ್ಟಾರ್ಷನ್ ಹಾಕಿದ್ರೆ ಗುಂಯ್ ಅನ್ನುತ್ತೆ. 16 ಕಿಲೋ ಓಮ್ ಪಿಕಪ್ ಹಾಕಿಸು, ಸದ್ದು ದಪ್ಪ ಆಗುತ್ತೆ ಅಂತ ಗೆಳೆಯ ಹೇಳ್ತಾನೆ. ಏಳು ಸಾವಿರ ಕೂಡಿಟ್ಟಿದ್ದೀನಿ. ಯಾವುದು ತಗೊಳ್ಳಲಿ?

ಉತ್ತರ (ಗಿಟಾರ್ ರಿಪೇರಿ ಮಾಡುವವರು, ಬೆಂಗಳೂರು):
ನಮಸ್ಕಾರ. ಆ ಏಳು ಸಾವಿರ ಒಂದು ವಾರ ಜೇಬಲ್ಲೇ ಇರಲಿ. ಖರ್ಚಿಲ್ಲದೆ ಮಾಡಿ ನೋಡಬಹುದಾದ ಕೆಲಸ ಮೂರಿವೆ.

ಮೊದಲು ಪಿಕಪ್ಪಿನ ಎತ್ತರ. ದಪ್ಪ ತಂತಿಯನ್ನು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು, ತಂತಿಯ ತಳಕ್ಕೂ ಪಿಕಪ್ಪಿನ ಕಂಬಕ್ಕೂ (ಪ್ರತಿ ತಂತಿಯ ಅಡಿ ಕಾಣುವ ಲೋಹದ ತುಂಡು) ನಡುವಿನ ಅಂತರವನ್ನು ಸ್ಟೀಲ್ ಸ್ಕೇಲಿನಲ್ಲಿ ಅಳೆಯಿರಿ. ದಪ್ಪ ತಂತಿಗೆ 2 ಮಿ.ಮೀ., ಸಣ್ಣ ತಂತಿಗೆ 1.6 ಮಿ.ಮೀ. ಇಟ್ಟು ಶುರು ಮಾಡಿ, ಆಮೇಲೆ ಅರ್ಧರ್ಧ ಸುತ್ತು ತಿರುಗಿಸುತ್ತಾ ಕಿವಿಗೆ ಬಿಡಿ. ನನ್ನ ಬೆಂಚಿಗೆ ಬರುವ ಅಗ್ಗದ ಗಿಟಾರುಗಳಲ್ಲಿ ಬ್ರಿಡ್ಜ್ ಪಿಕಪ್ ಎಷ್ಟೋ ಸಲ ಪಾತಾಳದಲ್ಲಿ ಕೂತಿರುತ್ತದೆ. ಅಷ್ಟು ದೂರದಿಂದ ದಪ್ಪ ಸದ್ದು ಹೇಗೆ ಬಂದೀತು?

ಎರಡನೆಯದು ಟೋನ್ ನಾಬ್. ಸ್ಟ್ರಾಟಿನ ಹಳೇ ವೈರಿಂಗ್‌ನಲ್ಲಿ ಎರಡು ಟೋನ್ ನಾಬ್ ಇದ್ದರೂ ಒಂದು ನೆಕ್ ಪಿಕಪ್ಪಿಗೆ, ಇನ್ನೊಂದು ನಡುವಿನದಕ್ಕೆ. ಬ್ರಿಡ್ಜ್ ಪಿಕಪ್ಪಿಗೆ ಟೋನ್ ಇರುವುದೇ ಇಲ್ಲ. ಅದರ ಚೂಪೆಲ್ಲ ನೇರ ಕಿವಿಗೆ ಬಂದು ಚುಚ್ಚುತ್ತದೆ. ನಿಮ್ಮದೂ ಹಾಗೇ ಇದ್ದರೆ ಸ್ವಿಚ್ಚಿನಲ್ಲಿ ಒಂದು ತುಂಡು ವೈರ್ ಬೆಸುಗೆ ಹಾಕಿ ಕೆಳಗಿನ ಟೋನ್ ನಾಬನ್ನು ಬ್ರಿಡ್ಜಿಗೂ ಸೇರಿಸಬಹುದು. ನಾಬನ್ನು 7ಕ್ಕೆ ಇಳಿಸಿ ನುಡಿಸಿ.

ಮೂರನೆಯದು ಗುಂಯ್ ಸದ್ದು. ತಂತಿ ಮುಟ್ಟಿದಾಗ ಏನಾಗುತ್ತದೆ, ಗಿಟಾರ್ ಹಿಡಿದು ನಿಂತಲ್ಲೇ ಒಂದು ಸುತ್ತು ತಿರುಗಿದರೆ ಏನಾಗುತ್ತದೆ, ನೋಡಿ ಹೇಳಿ.

ಇನ್ನು ಗೆಳೆಯರು ಹೇಳಿದ ಕಿಲೋ ಓಮ್. ಅದು ಸುರುಳಿಯ ತಾಮ್ರದ ತಂತಿಯ ಪ್ರತಿರೋಧ, ಶಕ್ತಿಯ ಅಳತೆಯಲ್ಲ. ಸ್ಟ್ರಾಟ್ ಪಿಕಪ್ಪಿಗೆ ಸಾಮಾನ್ಯವಾಗಿ ಸುತ್ತುವುದು 42 ಗೇಜಿನ ತಂತಿ, ದಪ್ಪ 0.06 ಮಿ.ಮೀ. ಆಸುಪಾಸು. ಅಷ್ಟೇ ಸುತ್ತನ್ನು ಇನ್ನೂ ತೆಳುವಾದ 43 ಗೇಜಿನಲ್ಲಿ ಸುತ್ತಿದರೆ ಓಮ್ ಏರುತ್ತದೆ, ಸದ್ದು ಅದೇ ಲೆಕ್ಕದಲ್ಲಿ ಏರುವುದಿಲ್ಲ. 20 ಡಿಗ್ರಿಯಲ್ಲಿ 6 ಕಿಲೋ ಓಮ್ ತೋರಿಸುವ ಪಿಕಪ್ ಕಲಬುರಗಿಯ ಬೇಸಿಗೆಯಲ್ಲಿ ಆರೂವರೆ ತೋರಿಸಬಹುದು. ಒಂದೇ ಗೇಜಿನ ತಾಮ್ರದ ತಂತಿ, ಒಂದೇ ಜಾತಿಯ ಮ್ಯಾಗ್ನೆಟ್ ಇರುವ ಎರಡು ಪಿಕಪ್ ಹೋಲಿಸುವಾಗ ಮಾತ್ರ ಆ ಅಂಕಿ ನಂಬಿ.

ಶಿವಮೊಗ್ಗದ ಸದಸ್ಯರು (ಒಂದು ವಾರದ ಮೇಲೆ):
ಸರ್, ನೀವು ಹೇಳಿದ ಹಾಗೇ ಮಾಡಿದೆ. ಬ್ರಿಡ್ಜ್ ಪಿಕಪ್ 4 ಮಿ.ಮೀ. ಕೆಳಗಿತ್ತು! ಏರಿಸಿದೆ. ಟಿವಿ ರಿಪೇರಿ ಅಂಗಡಿಯ ಅಣ್ಣ ವೈರ್ ಹಾಕಿಕೊಟ್ರು. ಮನೇಲಿ ಸದ್ದು ಎಷ್ಟೋ ವಾಸಿ. ತಂತಿ ಮುಟ್ಟಿದ್ರೆ ಗುಂಯ್ ಸ್ವಲ್ಪ ಇಳಿಯುತ್ತೆ, ಕಿಟಕಿ ಕಡೆ ತಿರುಗಿದ್ರೆ ಇನ್ನೂ ಇಳಿಯುತ್ತೆ. ಆದ್ರೆ ಸ್ಟೇಜಲ್ಲಿ ಕತೆ ಬೇರೆ. ಕ್ಲೀನ್ ನುಡಿಸಿದ್ರೆ ಕಂಬಳಿ ಹೊದಿಸಿದ ಹಾಗೆ ಮಂಕು, ಡಿಸ್ಟಾರ್ಷನ್ ಪೆಡಲ್ ಒತ್ತಿದ್ರೆ ಕಿವಿ ಕೊರೆಯೋ ಹಾಗೆ ಜಿರ್ರ್ ಅನ್ನುತ್ತೆ. ಸ್ಟೇಜಲ್ಲಿ ಆ್ಯಂಪ್ ಇಲ್ಲ, ಪೆಡಲಿಂದ ನೇರ ಮಿಕ್ಸರ್‌ಗೆ.

ಉತ್ತರ:
ಈಗ ರೋಗ ಸಿಕ್ಕಿತು. ಇದನ್ನು ಮೊದಲೇ ಕೇಳಬೇಕಿತ್ತು, ನನ್ನ ತಪ್ಪು.

ಗಿಟಾರ್ ಪಿಕಪ್ಪಿನ ಸಿಗ್ನಲ್ ಬಹಳ ಬಡಪಾಯಿ. ಎದುರಿಗೆ ಸುಮಾರು 1 ಮೆಗಾ ಓಮ್ ಇನ್‌ಪುಟ್ ಇದ್ದರೆ ಅದು ಪೂರ್ತಿ ದಾಟುತ್ತದೆ. ಗಿಟಾರ್ ಆ್ಯಂಪ್ ಹಾಗೇ ಇರುತ್ತದೆ. ಮಿಕ್ಸರಿನ ಲೈನ್ ಇನ್‌ಪುಟ್ ಹತ್ತಿಪ್ಪತ್ತು ಕಿಲೋ ಓಮ್ ಅಷ್ಟೇ. ನೇರ ಅಲ್ಲಿಗೆ ಚುಚ್ಚಿದರೆ ತಂತಿಯ ಹೊಳಪೆಲ್ಲ ಸತ್ತುಹೋಗುತ್ತದೆ. ನಿಮ್ಮ ಪೆಡಲ್ ಬಹುಶಃ ಟ್ರೂ ಬೈಪಾಸ್. ಆಫ್ ಮಾಡಿದಾಗ ಗಿಟಾರನ್ನು ಸೀದಾ ಮಿಕ್ಸರಿಗೆ ಜೋಡಿಸಿಬಿಡುತ್ತದೆ, ಅದೇ ಕಂಬಳಿ. ಇನ್ನು ಜಿರ್ರ್ ಸದ್ದು: ಗಿಟಾರ್ ಆ್ಯಂಪಿನ 12 ಇಂಚಿನ ಸ್ಪೀಕರ್ 5 ಕಿಲೋ ಹರ್ಟ್ಸ್ ಸುಮಾರಿನಿಂದ ಮೇಲಿನದನ್ನು ತಾನೇ ಕತ್ತರಿಸುತ್ತದೆ. ಪೆಂಡಾಲಿನ ಪಿ.ಎ. ಸ್ಪೀಕರ್ (ಧ್ವನಿವರ್ಧಕ) ಎಲ್ಲವನ್ನೂ ಹೊರಗೆ ಬಿಡುತ್ತದೆ.

ಯಾವ ಪಿಕಪ್ ಹಾಕಿದರೂ ಇದು ಹೋಗುವುದಿಲ್ಲ. ಸ್ಪೀಕರ್ ಕ್ಯಾಬಿನೆಟ್ ಸಿಮ್ಯುಲೇಶನ್ (ಗಿಟಾರ್ ಆ್ಯಂಪಿನ ಸ್ಪೀಕರನ್ನು ಅನುಕರಿಸುವ ಸೌಲಭ್ಯ) ಇರುವ ಸಣ್ಣ ಮಲ್ಟಿ ಎಫೆಕ್ಟ್ ಪೆಡಲ್ ಎರಡನ್ನೂ ಸರಿಮಾಡುತ್ತದೆ. ನನ್ನ ಮಾತು ಕೇಳುವುದಾದರೆ ನಿಮ್ಮ ದುಡ್ಡಿನ ಮೊದಲ ಪಾಲು ಅದಕ್ಕೆ ಹೋಗಲಿ, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ.

ಗುಂಯ್ ವಿಷಯ. ತಂತಿ ಮುಟ್ಟಿದಾಗ ಇಳಿಯುವ ಭಾಗಕ್ಕೆ, ಪಿಕಪ್ ಕೂರುವ ಮರದ ಗುಂಡಿಯ ಒಳಗೆ ತಾಮ್ರದ ಟೇಪ್ ಅಂಟಿಸಿ ಗ್ರೌಂಡಿಗೆ ಸೇರಿಸಿದರೆ ಗುಣ ಕಾಣುತ್ತದೆ. ತಿರುಗಿದಾಗ ಇಳಿಯುವುದು ಬೇರೆ: ಟ್ರಾನ್ಸ್‌ಫಾರ್ಮರ್, ಚೋಕ್‌ಗಳು ಹರಡುವ 50 ಹರ್ಟ್ಸ್ ಕಾಂತಕ್ಷೇತ್ರ. ಅದನ್ನು ಟೇಪ್ ತಡೆಯದು. ಅದಕ್ಕೆ ಮದ್ದು ಹಂಬಕರ್. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಪೇಟೆಂಟ್‌ಗೆ ಅರ್ಜಿ ಹಾಕಿದ್ದು ಇದಕ್ಕೇ. ಎರಡು ಸುರುಳಿ, ಸುತ್ತುವ ದಿಕ್ಕು ವಿರುದ್ಧ, ಮ್ಯಾಗ್ನೆಟ್ಟಿನ ಧ್ರುವವೂ ವಿರುದ್ಧ. ಹೊರಗಿನ ಗುಂಯ್ ಒಂದನ್ನೊಂದು ಹೊಡೆದುಹಾಕುತ್ತದೆ, ತಂತಿಯ ಸ್ವರ ಕೂಡಿಕೊಳ್ಳುತ್ತದೆ.

ಒಂದು ಮಾತು ಮರೆಯಬೇಡಿ. ಪೆಂಡಾಲಿನಲ್ಲಿ ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿದಾಗ ಜುಮ್ ಅಂದರೆ ನುಡಿಸುವುದನ್ನು ತಕ್ಷಣ ನಿಲ್ಲಿಸಿ. ಅಲ್ಲಿ ಅರ್ಥಿಂಗ್ ಸರಿಯಿಲ್ಲ ಎಂದರ್ಥ. ಜೀವದ ವಿಷಯ ಇದು.

ಮೈಸೂರಿನ ಸದಸ್ಯರು:
ಮಧ್ಯೆ ಬಾಯಿ ಹಾಕ್ತಿದ್ದೀನಿ ಸರ್. ಅಗ್ಗದ ಗಿಟಾರಿನ ಪಿಕಪ್ಪಲ್ಲಿ ಸೆರಾಮಿಕ್ ಮ್ಯಾಗ್ನೆಟ್ ಇರುತ್ತೆ, ಆಲ್ನಿಕೋ ಮ್ಯಾಗ್ನೆಟ್ ಹಾಕಿದ್ರೇನೇ ಗಿಟಾರ್ ಅಂತಾರಲ್ಲ, ನಿಜವಾ?

ಉತ್ತರ:
ಅರ್ಧ ನಿಜ. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಸೇರಿದ ಮಿಶ್ರಲೋಹ ಆಲ್ನಿಕೋ. ಸ್ಟ್ರಾಟ್ 1954ರಲ್ಲಿ ಬಂದಾಗ ಆರು ಕಂಬಗಳೂ ಆಲ್ನಿಕೋ ಮ್ಯಾಗ್ನೆಟ್ಟೇ. ಅಗ್ಗದ ಪಿಕಪ್ಪಿನಲ್ಲಿ ಕಂಬಗಳು ಬರೀ ಉಕ್ಕು, ಅಡಿಯಲ್ಲಿ ಸೆರಾಮಿಕ್ ಪಟ್ಟಿ ಅಂಟಿಸಿರುತ್ತಾರೆ. ಉಕ್ಕು ಸುರುಳಿಯ ಇಂಡಕ್ಟೆನ್ಸ್ ಏರಿಸುವುದರಿಂದ ಸ್ವರದ ಗುಣ ಬದಲಾಗುತ್ತದೆ. ಕ್ಲೀನ್ ನುಡಿಸುವವರಿಗೆ ಆಲ್ನಿಕೋದ ಗಂಟೆಯಂಥ ನಾದ ಖಂಡಿತ ಹಿತ. ಆದರೆ ದುಬಾರಿ ಹಂಬಕರುಗಳಲ್ಲೂ ಬೇಕೆಂದೇ ಸೆರಾಮಿಕ್ ಹಾಕುತ್ತಾರೆ, ಅದು ಕೀಳಲ್ಲ.

ಆಲ್ನಿಕೋ 5 ಕಂಬಗಳು ತಂತಿಯನ್ನು ಬಲವಾಗಿ ಎಳೆಯುತ್ತವೆ. ನೆಕ್ ಪಿಕಪ್ ತೀರಾ ಹತ್ತಿರವಿದ್ದರೆ ದಪ್ಪ ತಂತಿಯನ್ನು 12ನೇ ಫ್ರೆಟ್ಟಿನ ಮೇಲೆ ಮೀಟಿದಾಗ ಒಂದೇ ಸ್ವರ ಎರಡಾಗಿ ಅಲೆಯುತ್ತದೆ, ಶ್ರುತಿ ಕೂಡುವುದೇ ಇಲ್ಲ. ಟ್ಯೂನಿಂಗ್ ಕೀ ಕೆಟ್ಟಿದೆ ಎಂದು ಬದಲಾಯಿಸಿಕೊಂಡು ಬಂದವರನ್ನು ನೋಡಿದ್ದೇನೆ. ಪಿಕಪ್ ಅರ್ಧ ಮಿ.ಮೀ. ಇಳಿಸಿದರೆ ಸಾಕಾಗಿತ್ತು.

ಶಿವಮೊಗ್ಗದ ಸದಸ್ಯರು:
ಸರ್, ಮಲ್ಟಿ ಎಫೆಕ್ಟ್ ಸೆಕೆಂಡ್ ಹ್ಯಾಂಡ್ ಸಿಕ್ತು, ಸ್ಟೇಜಲ್ಲಿ ಈಗ ಗಿಟಾರ್ ಗಿಟಾರ್ ಥರ ಕೇಳಿಸ್ತಿದೆ. ಸೀರಿಯಲ್ ಸೆಟ್ ಹಾಕಿದ ಕಡೆ ಗುಂಯ್ ಮಾತ್ರ ಇದೆ. ಉಳಿದ ದುಡ್ಡಲ್ಲಿ ಬ್ರಿಡ್ಜ್ ಒಂದೇ ಬದಲಾಯಿಸಬಹುದಾ? ಮರ ಕೊರೆಸೋಕೆ ಭಯ.

ಉತ್ತರ:
ಒಂದೇ ಬದಲಾಯಿಸಿ, ಅದೇ ಸರಿ. ನೆಕ್, ನಡುವಿನ ಪಿಕಪ್ ಇದ್ದಂತೆ ಇರಲಿ. ಮರ ಕೊರೆಯಬೇಕಿಲ್ಲ. ಸಿಂಗಲ್ ಕಾಯಿಲ್ ಅಳತೆಯ ಹಂಬಕರ್ ಸಿಗುತ್ತದೆ. ಸೀಮೋರ್ ಡಂಕನ್‌ನ ಲಿಟ್ಲ್ '59 ಹಳೇ ಹಂಬಕರಿನ ಸ್ವಭಾವದ್ದು, ಹಾಟ್ ರೇಲ್ಸ್‌ನ ಸದ್ದು ತುಂಬ ಜೋರು. ಚಿತ್ರಗೀತೆ ನುಡಿಸುವ ನಿಮಗೆ ಮೊದಲಿನ ಜಾತಿಯೇ ಹೊಂದುತ್ತದೆ. ಇವು ಬಜೆಟ್ ಮೀರಿದರೆ ವಿಲ್ಕಿನ್ಸನ್‌ನಂಥ ಅಗ್ಗದ ಬ್ರ್ಯಾಂಡುಗಳಲ್ಲಿ ಇದೇ ಅಳತೆಯದನ್ನು ಹುಡುಕಿ.

ಕೊಳ್ಳುವ ಮುಂಚೆ ಪಿಕ್‌ಗಾರ್ಡ್ (ಪಿಕಪ್ ಕೂರಿಸಿರುವ ಪ್ಲಾಸ್ಟಿಕ್ ತಟ್ಟೆ) ಬಿಚ್ಚಿ ಗುಂಡಿಯ ಆಳ ಅಳೆಯಿರಿ, ಅಗ್ಗದ ಗಿಟಾರುಗಳ ಬಾಡಿ ಕೆಲವೊಮ್ಮೆ ತೆಳು. ವಾಲ್ಯೂಮ್ ಪಾಟ್ (ನಾಬಿನ ಅಡಿಯ ತಿರುಗುವ ರೆಸಿಸ್ಟರ್) ಈಗಿನದೇ ಸಾಕು. ಪೂರ್ತಿ ಹಂಬಕರ್ ಗಿಟಾರಿಗೆ 500 ಕಿಲೋ ಓಮ್ ಪಾಟ್ ವಾಡಿಕೆ, ನಿಮಗೆ ಸಿಂಗಲ್ ಕಾಯಿಲ್‌ಗಳೂ ಇರುವುದರಿಂದ 250 ಇರಲಿ, ಬ್ರಿಡ್ಜಿನ ಚೂಪೂ ಇಳಿಯುತ್ತದೆ.

ವೈರಿನ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ. ಡಂಕನ್‌ನಲ್ಲಿ ಕಪ್ಪು ಹಾಟ್ (ಸಿಗ್ನಲ್ ಹೊರಗೆ ಒಯ್ಯುವ ವೈರ್), ಕೆಂಪು ಬಿಳಿ ಎರಡನ್ನೂ ಕೂಡಿಸಿ ಟೇಪ್ ಸುತ್ತಬೇಕು, ಹಸಿರು ಮತ್ತು ಬರಿಯ ವೈರ್ ಗ್ರೌಂಡಿಗೆ. ಡಿಮಾರ್ಜಿಯೋದಲ್ಲಿ ಕೆಂಪು ಹಾಟ್, ಕಪ್ಪು ಬಿಳಿ ಕೂಡಿಸುವುದು. ಹಾಕಿದ ಮೇಲೆ ಬ್ರಿಡ್ಜ್ ಮತ್ತು ನಡುವಿನ ಪಿಕಪ್ ಒಟ್ಟಿಗೆ ನುಡಿಸಿದಾಗ ಸದ್ದು ಮೂಗಿನಲ್ಲಿ ಹಾಡಿದ ಹಾಗೆ ಸಣಕಲಾದರೆ ಫೇಸ್ ಉಲ್ಟಾ ಆಗಿದೆ, ಅಂದರೆ ಎರಡರ ಸಿಗ್ನಲ್ ಒಂದಕ್ಕೊಂದು ವಿರುದ್ಧವಾಗಿದೆ. ಡಂಕನ್ ಆದರೆ ಕಪ್ಪು, ಹಸಿರು ಅದಲುಬದಲು ಮಾಡಿ. ಬರಿಯ ವೈರ್ ಗ್ರೌಂಡಿನಲ್ಲೇ ಇರಲಿ.

ಹಳೇ ಪಿಕಪ್ ಬಿಚ್ಚುವ ಮುಂಚೆ ಸ್ವಿಚ್ಚಿನ ಎರಡೂ ಕಡೆಯ ಫೋಟೋ ಇಲ್ಲಿ ಹಾಕಿ, ಯಾವ ಕಾಲಿಗೆ ಯಾವ ವೈರ್ ಎಂದು ಗುರುತು ಮಾಡಿ ಕೊಡುತ್ತೇನೆ. ಅದನ್ನು ಆ ಟಿವಿ ಅಂಗಡಿಯ ಅಣ್ಣನಿಗೆ ತೋರಿಸಿ.