ಸಹಾಯ ಬೇಕು: ಇಲಾಗ್ ತಂತ್ರಾಂಶದಲ್ಲಿ ಕನ್ನಡ ಸರಿಹೋದರೆ ಡಿಗ್ರಿ ಚಿಹ್ನೆ ಕೆಡುತ್ತಿದೆ

ಎಲ್ಲರಿಗೂ ನಮಸ್ಕಾರ. ಕಾರವಾರದ ಬಂದರಿನ ಸಮೀಪದ ಐಸ್ ಪ್ಲಾಂಟಿನಲ್ಲಿ ಕಂಪ್ರೆಸರ್ ಒತ್ತಡ ಹಾಗೂ ಉಪ್ಪುನೀರಿನ ಉಷ್ಣತೆಯನ್ನು ಪಾಳಿವಾರು ದಾಖಲಿಸಲು, ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯಲ್ಲಿ ರೂಪುಗೊಂಡ ಇಲಾಗ್ ಎಂಬ, ಬ್ರೌಸರಿನಲ್ಲಿ ತೆರೆಯುವ ದಾಖಲೆ ಪುಸ್ತಕದ ತಂತ್ರಾಂಶವನ್ನು ಬಳಸುತ್ತಿದ್ದೇನೆ. (ಕಾಗದದ ಪುಸ್ತಕ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತಿತ್ತು.)

ಕಾನ್ಫಿಗರೇಶನ್ ಫೈಲಿನ ಆಯ್ಕೆಪಟ್ಟಿಯಲ್ಲಿ ‘ರಾತ್ರಿ ಪಾಳಿ’ ಎಂದು ಬರೆದರೆ, ಬ್ರೌಸರಿನಲ್ಲಿ ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ‘ಎ’ ಮತ್ತು ಮೇಲಕ್ಕೆತ್ತಿದ ಪುಟ್ಟ 2 ಮತ್ತೆ ಮತ್ತೆ ಮೂಡುತ್ತಿದ್ದವು. ಹುಡುಕಿದಾಗ, ಅದೇ ಫೈಲಿನ ಗ್ಲೋಬಲ್ ವಿಭಾಗದಲ್ಲಿ, ಅಕ್ಷರಗಳನ್ನು ಸಂಕೇತವಾಗಿ ಉಳಿಸುವ ಪದ್ಧತಿಯನ್ನು ಸೂಚಿಸುವ ಚಾರ್‌ಸೆಟ್ ಐಎಸ್‌ಒ-8859-1 (ಪಶ್ಚಿಮ ಯುರೋಪಿನ ಭಾಷೆಗಳಿಗೆ ಹೊಂದುವ, ಕನ್ನಡವಿಲ್ಲದ ಪದ್ಧತಿ) ಎಂದಿತ್ತು. ಇಡೀ ಫೋಲ್ಡರಿನ ನಕಲು ಮಾಡಿ, ಅದರಲ್ಲಿ ಯುಟಿಎಫ್-8 (ಕನ್ನಡವೂ ಸೇರಿದ ಪದ್ಧತಿ) ಎಂದು ಬದಲಿಸಿದೆ. ಕನ್ನಡ ಸರಿಯಾಯಿತು, ಆದರೆ ಮೂರು ತಿಂಗಳ ಹಳೆಯ ದಾಖಲೆಗಳಲ್ಲಿ ‘-8°’ ಎಂದಿದ್ದೆಡೆ ಡಿಗ್ರಿ ಚಿಹ್ನೆಯ ಬದಲು ಪ್ರಶ್ನಾರ್ಥಕ ಚಿಹ್ನೆ ಬರುತ್ತಿದೆ.

ಸರ್ವರ್ ನಿಲ್ಲಿಸಿ, ಹಳೆಯ ಲಾಗ್ ಫೈಲುಗಳನ್ನೆಲ್ಲ ಐಕಾನ್ವ್ (ಫೈಲಿನ ಅಕ್ಷರ ಸಂಕೇತ ಬದಲಿಸುವ ಸಾಧನ) ಮೂಲಕ ಯುಟಿಎಫ್-8ಕ್ಕೆ ಪರಿವರ್ತಿಸಿದರೆ ದಾಖಲೆಗಳ ಕ್ರಮಸಂಖ್ಯೆ, ಲಗತ್ತುಗಳು ಹಾಗೆಯೇ ಉಳಿಯುತ್ತವೆಯೇ? ಹೀಗೆ ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.