ರಾಗಿ ಹೊಲದಲ್ಲಿ ಅವರೆ ಅಕ್ಕಡಿ: ಲೆಕ್ಕ ಗಿಟ್ಟುತ್ತದಾ?

ಮಳೆಹೊಲ:
ಮಾಲೂರು ಕಡೆ ಒಂದು ಎಕರೆ ಕೆಮ್ಮಣ್ಣು, ಮಳೆಯೇ ಗತಿ. ಜುಲೈನಲ್ಲಿ ರಾಗಿ ಬಿತ್ತನೆ. 8 ಸಾಲು ರಾಗಿಗೆ 1 ಸಾಲು ಅವರೆಯನ್ನು ಅಕ್ಕಡಿಯಾಗಿ, ಅಂದರೆ ನಡುವಿನ ಬೆಳೆಯಾಗಿ ಇಟ್ಟರೆ ರಾಗಿಯ ನಷ್ಟ ತುಂಬುತ್ತದಾ? ನಾಟಿ ಬೀಜವೋ, ಕೃಷಿ ವಿ.ವಿ.ಯ ತಳಿ ಹೆಬ್ಬಾಳ ಅವರೆಯೋ? ಕಾಯಿ ಕೀಳುವ ಕೂಲಿ ದಿನಕ್ಕೆ 400.

ಕೂರಿಗೆ:
ಸಾಲಿಂದ ಸಾಲಿಗೆ 30 ಸೆಂ.ಮೀ. ಎಂದರೆ 9 ಸಾಲಿಗೆ 2.7 ಮೀಟರ್ ಅಗಲ. ಎಕರೆಗೆ ಸುಮಾರು 1,500 ಮೀಟರ್ ಅವರೆ ಸಾಲು ಸಿಗುತ್ತದೆ. ಅಡಿಗೊಂದು ಗುಣಿ, ಗುಣಿಗೆ ಎರಡು ಕಾಳು ಹಾಕಿ ಆಮೇಲೆ ಒಂದೇ ಗಿಡ ಉಳಿಸಿದರೆ 5,000 ಗಿಡ. ಬೀಜ ಎರಡೂವರೆ ಕೆಜಿ ಸಾಕು.

ರಾಗಿ 8 ಕ್ವಿಂಟಾಲ್ ಬರುವ ಹೊಲದಲ್ಲಿ ಒಂಬತ್ತನೇ ಒಂದು ಪಾಲು ಹೋದರೆ 89 ಕೆಜಿ. 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,886ರಲ್ಲಿ ಅದು ಸುಮಾರು 4,300 ರೂಪಾಯಿ. ಗಿಡಕ್ಕೆ 60 ಗ್ರಾಂ ಹಸಿಕಾಯಿ ಅಂದುಕೊಂಡರೂ 300 ಕೆಜಿ. ಕೆಜಿಗೆ 30ರಂತೆ 9,000. ಒಬ್ಬರು ದಿನಕ್ಕೆ 40 ಕೆಜಿ ಕಿತ್ತರೆ 8 ಆಳು, 3,200 ಕೂಲಿ. ಉಳಿಯುವುದು 5,800. ರಾಗಿ ನಷ್ಟ ಕಳೆದರೆ 1,500 ಮಾತ್ರ, ಅದರಲ್ಲೂ ಮಂಡಿ ಕಮಿಷನ್ನು, ಸಾಗಣೆ ಇನ್ನೂ ಕಳೆದಿಲ್ಲ. ಮನೆಯವರೇ ಕಿತ್ತರೆ ಅಥವಾ ರೇಟು 45 ದಾಟಿದರೆ ಮಾತ್ರ ಕೈಗೆ ಕಾಸು ಕಾಣುತ್ತದೆ. ಎಕರೆಗೆ ಇಷ್ಟು ಲಾಭ ಎಂದು ಕಣ್ಣುಮುಚ್ಚಿ ಹೇಳುವವರ ಮಾತು ನಂಬಬೇಡಿ.

ಸೊಗಡು:
ಅಕ್ಕಡಿಗೆ ನಾಟಿಯೇ ಸರಿ. ಅದು ಹಗಲು ಕಿರಿದಾದಾಗಲೇ ಹೂ ಬಿಡುವ ಜಾತಿ. ರಾಗಿ ಕೊಯ್ದ ಮೇಲೆ ಬಿಸಿಲು, ಇಬ್ಬನಿ ಕುಡಿದು ಹಬ್ಬುತ್ತದೆ, ಡಿಸೆಂಬರ್-ಜನವರಿಗೆ ಕಾಯಿ. ಸೊಗಡಿನ ಅವರೆಗೆ ಬೆಂಗಳೂರಲ್ಲಿ ಗಿರಾಕಿ ಇರುವುದೂ ಆಗಲೇ. ಇದೇ ಬೀಜವನ್ನು ಫೆಬ್ರವರಿಯಲ್ಲಿ ಬಿತ್ತಿದರೆ ಬರೀ ಬಳ್ಳಿ ಸಿಗುತ್ತದೆ, ಹೂವಿಲ್ಲ.

ಹೆಬ್ಬಾಳ ಅವರೆ-3, 4 ವರ್ಷದ ಯಾವ ಕಾಲಕ್ಕೂ ಆಗುತ್ತವೆ, ಸುಮಾರು ನೂರು ದಿನಕ್ಕೆ ಮುಗಿಯುತ್ತವೆ. ಆದರೆ ರಾಗಿ ನೆರಳಲ್ಲಿ ಗಿಡ್ಡ ಗಿಡ ಸೊರಗಿ, ಕಾಯಿ ಬಲಿಯುವಾಗ ಹಿಂಗಾರು ಮಳೆಗೆ ಸಿಕ್ಕಿಬೀಳುತ್ತದೆ. ನೀರಿದ್ದರೆ ಬೇಸಿಗೆಯಲ್ಲಿ ಒಂಟಿ ಬೆಳೆಯಾಗಿ ಹಾಕಿ: 45×15 ಸೆಂ.ಮೀ., ಎಕರೆಗೆ 12 ಕೆಜಿ ಬೀಜ, ಸಾರಜನಕ 10, ರಂಜಕ 20, ಪೊಟ್ಯಾಷ್ 10 ಕೆಜಿ. ಯೂರಿಯಾ ಹೆಚ್ಚಾದರೆ ಎಲೆಯೇ ಎಲೆ.

ಮಳೆಹೊಲ:
ಅವರೆ ಹಾಕಿದರೆ ಗೊಬ್ಬರ ಉಳಿಯುತ್ತದೆ ಅಂತಾರಲ್ಲ, ಅದು ನಿಜವಾ? ಹುಳುವಿಗೆ ಏನು ಮಾಡೋದು?

ಕೂರಿಗೆ:
45 ದಿನಕ್ಕೆ ಒಂದು ಗಿಡವನ್ನು ಮಣ್ಣು ಸಮೇತ ಅಗೆದು ತೆಗೆಯಿರಿ. ಬೇರಿನ ಗಂಟನ್ನು ಉಗುರಲ್ಲಿ ಸೀಳಿದರೆ ಒಳಗೆ ನಸುಗೆಂಪು ಇರಬೇಕು. ಹಸಿರೋ ಬೂದಿಯೋ ಇದ್ದರೆ ಗಾಳಿಯ ಸಾರಜನಕ ಹಿಡಿಯುತ್ತಿಲ್ಲ ಎಂದರ್ಥ. ಮುಂದಿನ ಸಲ ಬೇರುಗಂಟು ಕಟ್ಟಿಸುವ ರೈಜೋಬಿಯಂ ಜೀವಾಣು ಗೊಬ್ಬರವನ್ನು ತಣ್ಣನೆಯ ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ, ಅವತ್ತೇ ಬಿತ್ತಿ. ಒಂದೇ ಸಾಲು ಇಟ್ಟು ಇಡೀ ಹೊಲದ ಯೂರಿಯಾ ಕಡಿಮೆ ಮಾಡಬೇಡಿ, ರಾಗಿ ಸೊರಗುತ್ತದೆ.

ಕಾಯಿಕೊರಕ ಒಳಗೆ ಹೊಕ್ಕ ಮೇಲೆ ಔಷಧಿ ಅಷ್ಟಾಗಿ ತಟ್ಟದು. ಮೊಗ್ಗು ಕಂಡ ಕೂಡಲೇ ಸಂಜೆ ಹೊತ್ತು ಬೇವಿನ ಬೀಜದ ಕಷಾಯ ಹೊಡೆಯಿರಿ: 5 ಕೆಜಿ ಪುಡಿಯನ್ನು ರಾತ್ರಿ ನೆನೆಸಿ ಸೋಸಿ, 100 ಲೀಟರ್ ಮಾಡಿಕೊಳ್ಳಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ.

ಸೊಗಡು:
ರೇಟು ಬಿದ್ದರೆ ಗಿಡದಲ್ಲೇ ಒಣಗಲು ಬಿಡಿ. ಆದರೆ ಬಡಿದು ತೆಗೆದ ಕಾಳನ್ನು ತಡಮಾಡದೆ ಒಣಗಿಸಬೇಕು, ಕಾಳು ಕೊರೆಯುವ ಹುಳು ಹೊಲದಲ್ಲೇ ಕಾಯಿ ಮೇಲೆ ಮೊಟ್ಟೆ ಇಟ್ಟಿರುತ್ತದೆ. ಹಲ್ಲಲ್ಲಿ ಕಚ್ಚಿದರೆ ಕಟ್ ಅನ್ನುವವರೆಗೂ ಬಿಸಿಲಿಗೆ ಹಾಕಿ. ಬೀಜಕ್ಕೆ ಇಡುವ ಕಾಳಿಗೆ ಕೆಮ್ಮಣ್ಣು ಕಟ್ಟಿ ಮತ್ತೆ ಒಣಗಿಸಿ ಇಡಿ.